ಸುರಂಗದ ಮಾವನೂ ಗಾಳಿಯಿಲ್ಲದ ಪೆಟ್ಟಿಗೆಯೂ

ನನ್ನ ಸೋದರಮಾವ ಜೀವಮಾನದಲ್ಲಿ ಒಬ್ಬರ ಮಾತನ್ನು ಮಾತ್ರ ಚಾಚೂ ತಪ್ಪದೆ ಕೇಳಿದ್ದಾರೆ. ಅದು ಅಜ್ಜನ ಮಾತಲ್ಲ. ಅತ್ತೆಯದ್ದಂತೂ ಅಲ್ಲವೇ ಅಲ್ಲ. ಪೆರ್ಲದ ಅಂಗಡಿಯಿಂದ ತಂದ ಮೇಣದಬತ್ತಿಯ ಮಾತು! ಬತ್ತಿ ‘ಇರು’ ಎಂದರೆ ಇರುತ್ತಿದ್ದರು, ‘ಹೊರಡು’ ಎಂದರೆ ಕೈಯಲ್ಲಿದ್ದ ಪಿಕ್ಕಾಸನ್ನು ಅಲ್ಲೇ ಹಾಕಿ ಹೊರಡುತ್ತಿದ್ದರು. “ನಾನು ಹೇಳಿದ್ದನ್ನು ಇದರ ಅರ್ಧದಷ್ಟು ಕೇಳಿದ್ದರೆ ಈ ಮನೆಯ ಮಾಡು ಯಾವಾಗಲೋ ಸರಿಯಾಗ್ತಿತ್ತು” ಎಂದು ಅತ್ತೆ ಹೋದವರು ಬಂದವರಿಗೆಲ್ಲ ಹೇಳುತ್ತಿದ್ದರು.

ಮಾವನ ಕಸುಬು ಸುರಂಗ ತೋಡುವುದು. ಸುರಂಗ ಎಂದರೆ ರೈಲು ಹೋಗುವ ಸುರಂಗವಲ್ಲ. ನಮ್ಮ ಕುಂಬ್ಡಾಜೆಯ ಕಡೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿಕೊಂಡು ಹೋಗುವಷ್ಟು ಅಗಲಕ್ಕೆ, ಮುರಕಲ್ಲೆಂಬ ಕೆಂಪು ಕಲ್ಲನ್ನು ಕೊರೆಯುತ್ತಾ ಹೋಗುತ್ತಾರೆ. ನೀರಿನ ಒರತೆ ಸಿಕ್ಕಿದರೆ ಅದು ತಾನಾಗಿ ಹರಿದು ಹೊರಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ, ಮೋಟರ್ ಸುಟ್ಟಿತು ಎಂಬ ರಗಳೆ ಇಲ್ಲ. ತೊಂದರೆ ಒಂದೇ. ಒಳಗೆ ಹೋದಷ್ಟೂ ಗಾಳಿ ಕಡಿಮೆಯಾಗುತ್ತದೆ. ಗಾಳಿ ಕಡಿಮೆಯಾದದ್ದು ಮನುಷ್ಯನಿಗೆ ತಕ್ಷಣ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಕಾಲು ಎತ್ತಲು ತ್ರಾಣವಿರುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಒಂದು ಬತ್ತಿ ಹಚ್ಚಿಟ್ಟುಕೊಳ್ಳುವುದು. ಅದು ನೆಟ್ಟಗೆ ಉರಿದರೆ ಕೆಲಸ, ಮಂಕಾದರೆ ಎಚ್ಚರಿಕೆ, ಆರಿದರೆ ಓಟ.

ಮಾವ ಒಳಗೆ ಅಗೆದು ಬುಟ್ಟಿ ತುಂಬಿಸುತ್ತಿದ್ದರು. ಅತ್ತೆ ಸುರಂಗದ ಬಾಯಿಯಲ್ಲಿ ಕುಳಿತು ಬುಟ್ಟಿಯನ್ನು ಹಗ್ಗದಲ್ಲಿ ಎಳೆದು ಮಣ್ಣು ಚೆಲ್ಲುತ್ತಿದ್ದರು. ಗಳಿಗೆಗೊಮ್ಮೆ ಒಳಗೆ ಮುಖ ಮಾಡಿ “ಉಂಟಾ?” ಎಂದು ಕೂಗುವುದು. ಒಳಗಿನಿಂದ “ಉಂಟು!” ಎಂದು ಉತ್ತರ. ಮನೆಯೊಳಗೆ ಈ ಇಬ್ಬರು ದಿನಕ್ಕೆ ಆಡುತ್ತಿದ್ದ ಮಾತು ಅದಕ್ಕಿಂತ ಕಡಿಮೆ! ನಾನು ಚಿಕ್ಕವಳಿದ್ದಾಗ ಅತ್ತೆಯನ್ನು ಕೇಳಿದ್ದೆ, “ನೀವು ಎಂತ ಉಂಟಾ ಅಂತ ಕೇಳುವುದು? ಗಾಳಿಯಾ, ಜೀವವಾ, ನೀರಾ?”

“ಗಾಳಿಗೂ ಜೀವಕ್ಕೂ ಸೇರಿ ಒಂದೇ ಪ್ರಶ್ನೆ. ನೀರನ್ನು ಕೇಳ್ಬೇಕಾಗಿಲ್ಲ. ನೀರು ಬಂದರೆ ಅವರೇ ಊರಿಗಿಡೀ ಕೇಳುವ ಹಾಗೆ ಬೊಬ್ಬೆ ಹಾಕ್ತಾರೆ.”

ಸುರಂಗದೊಳಗೆ ಬತ್ತಿ ಇಟ್ಟುಕೊಳ್ಳುವುದು ವಿಚಿತ್ರವಲ್ಲ. ಆ ಕಸುಬಿನವರೆಲ್ಲ ಮಾಡುವುದೇ. ಮಾವನ ವಿಚಿತ್ರವೇನೆಂದರೆ, ಹೊರಗೂ ಅವರ ಅಂಗಿಯ ಕಿಸೆಯಲ್ಲಿ ಒಂದು ಬತ್ತಿ, ಒಂದು ಬೆಂಕಿಪೆಟ್ಟಿಗೆ ಸದಾ ಇರುತ್ತಿತ್ತು. ಕಿಟಕಿ ಮುಚ್ಚಿದ ಯಾವ ಕೋಣೆಯ ಮೇಲೂ ಅವರಿಗೆ ನಂಬಿಕೆಯಿರಲಿಲ್ಲ.

ಒಮ್ಮೆ ಪೆರ್ಲದಲ್ಲಿ ಅವರಿಗೆ ಸನ್ಮಾನ ಇಟ್ಟುಕೊಂಡರು. ಬೋರ್‌ವೆಲ್ ಲಾರಿಗಳು ಊರೂರಿಗೆ ನುಗ್ಗಿ, ಸುರಂಗ ತೋಡುವವರು ಕೈಬೆರಳಿನಲ್ಲಿ ಎಣಿಸುವಷ್ಟಾದ ಮೇಲೆ ಜನಕ್ಕೆ ಅವರ ಮೇಲೆ ಪ್ರೀತಿ ಬಂದಿತ್ತು. ಸಣ್ಣ ಹಾಲ್, ಹೊರಗೆ ಮಳೆ, ಎಲ್ಲ ಕಿಟಕಿ ಬಂದ್. ವೇದಿಕೆಯ ಮೇಲೆ ಶಾಲು ಹೊದ್ದು ಮಾವ. ಅವರ ಗುಣಗಾನ ಮಾಡಲು ನಿಂತ ಭಾಷಣಕಾರರು ಮುಗಿಸುವ ಲಕ್ಷಣ ಕಾಣಲಿಲ್ಲ. ಮಾವ ಒಮ್ಮೆ ಕಿಟಕಿಗಳನ್ನು ನೋಡಿದರು, ಒಮ್ಮೆ ಜನರನ್ನು ನೋಡಿದರು. ಆಮೇಲೆ ಮೆಲ್ಲನೆ ಕಿಸೆಗೆ ಕೈಹಾಕಿ, ಬತ್ತಿ ತೆಗೆದು, ಕಡ್ಡಿ ಗೀರಿ ಮೇಜಿನ ಮೇಲೆ ಹಚ್ಚಿಟ್ಟರು!

ಕಾರ್ಯಕ್ರಮದಲ್ಲಿ ದೀಪ ಬೆಳಗಿಸುವುದು ಬಾಕಿಯಿತ್ತೆಂದು ಭಾವಿಸಿ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಭಾಷಣಕಾರರೂ ಕೈಮುಗಿದರು. ಮಾವ ಜ್ವಾಲೆಯನ್ನು ಎರಡು ನಿಮಿಷ ತದೇಕವಾಗಿ ನೋಡಿ, ಮೈಕಿಗೆ ಕೇಳಿಸುವಂತೆ ಹೇಳಿದರು. “ಅಡ್ಡಿಯಿಲ್ಲ. ಇನ್ನೊಂದು ಭಾಷಣದವರೆಗೆ ತಡೀಬಹುದು.”

ಇಂಥ ಮಾವನಿಗೆ ನನ್ನಂಥ ಸೋದರಸೊಸೆ ಹುಟ್ಟಿದ್ದು ಯಾರ ತಮಾಷೆಯೋ! ನಾನು ಮಂಗಳೂರಿನ ಒಂದು ಸಂಶೋಧನಾಲಯದಲ್ಲಿ ಪಿಎಚ್‌ಡಿಗೆ ಸೇರಿದ್ದೆ. ನನ್ನ ವಿಷಯ, ರಕ್ತದ ಕ್ಯಾನ್ಸರಿನ ಕೋಶಗಳು ಆಮ್ಲಜನಕ ಕಡಿಮೆಯಿರುವ ಜಾಗದಲ್ಲಿ ಹೇಗೆ ಬೆಳೆಯುತ್ತವೆ, ಅಲ್ಲಿ ಔಷಧಿಯಿಂದ ಹೇಗೆ ತಪ್ಪಿಸಿಕೊಳ್ಳುತ್ತವೆ ಎಂಬುದು. ಮನೆಯಲ್ಲಿ ಇದನ್ನು ವಿವರಿಸಲು ಹೋಗಿ ನಾನು ಸೋತಿದ್ದೆ. ಅಮ್ಮ ನೆಂಟರ ಹತ್ತಿರ “ಅವಳು ಅಲ್ಲಿ ಕ್ಯಾನ್ಸರ್ ಸಾಕ್ತಾಳೆ” ಎನ್ನುತ್ತಿದ್ದಳು, ಕೋಳಿ ಸಾಕುವ ಧಾಟಿಯಲ್ಲಿ. ಮಾವನಿಗೆ ಮಾತ್ರ ‘ಗಾಳಿ ಕಡಿಮೆ’ ಎಂಬ ಎರಡು ಶಬ್ದ ಸಾಕಾಯಿತು. ಎರಡು ಬಸ್ಸು ಬದಲಾಯಿಸಿ, ಹೇಳದೆ ಕೇಳದೆ, ಒಂದು ಬೆಳಿಗ್ಗೆ ನಮ್ಮ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದರು!

ನನ್ನ ಗೈಡ್ ಸೌಮ್ಯ ಸ್ವಭಾವದವರು. “ಬರಲಿ, ನೋಡಲಿ” ಎಂದರು. ಚಪ್ಪಲಿ ಬಿಡಿಸಿ, ನೀಲಿ ಚೀಲ ಕಾಲಿಗೆ ತೊಡಿಸಿ ಒಳಗೆ ಕರೆದುಕೊಂಡು ಹೋದೆ. ನಮ್ಮಲ್ಲಿ ಒಂದು ಪೆಟ್ಟಿಗೆ ಉಂಟು, ನೋಡಲು ಫ್ರಿಜ್ಜಿನ ಹಾಗೆ. ಸಾರಜನಕ ತುಂಬಿಸಿ ಅದರೊಳಗಿನ ಆಮ್ಲಜನಕವನ್ನು ಹೊರಗೆ ಓಡಿಸುತ್ತೇವೆ. ಆ ಪೆಟ್ಟಿಗೆಯಲ್ಲಿ ಸಣ್ಣ ಸಣ್ಣ ತಟ್ಟೆಗಳು, ತಟ್ಟೆಗಳಲ್ಲಿ ಗುಲಾಬಿ ಬಣ್ಣದ ದ್ರವ, ದ್ರವದಲ್ಲಿ ಕಣ್ಣಿಗೆ ಕಾಣದ ಕೋಶಗಳು.

“ಇದರೊಳಗೆ ಗಾಳಿ ಎಷ್ಟುಂಟು?” ಮಾವ ಕೇಳಿದರು.

“ಹೊರಗೆ ಆಮ್ಲಜನಕ ನೂರರಲ್ಲಿ ಇಪ್ಪತ್ತೊಂದು ಪಾಲು ಮಾವಾ. ಇದರೊಳಗೆ ಒಂದೇ ಪಾಲು.”

ಮಾವನ ಕೈ ಕಿಸೆಗೆ ಹೋಯಿತು. ನಾನು ಹಾರಿ ಆ ಕೈ ಹಿಡಿದುಕೊಂಡೆ. ಸುತ್ತ ಸ್ಪಿರಿಟಿನ ಬಾಟಲಿಗಳು, ಗೋಡೆಗೆ ಒರಗಿದ ಗ್ಯಾಸ್ ಸಿಲಿಂಡರುಗಳು! ನನ್ನ ಸೌಮ್ಯ ಗೈಡ್ ಅಷ್ಟು ಜೋರಾಗಿ ಕಿರುಚಿದ್ದನ್ನು ನಾನು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

“ಹಚ್ಚುವುದಿಲ್ಲ ಮಾರಾಯ್ರೆ” ಎಂದು ಮಾವ ಬತ್ತಿಯನ್ನು ನನ್ನ ಕೈಗೆ ಕೊಟ್ಟರು. “ಅಲ್ಲ ಮಗಳೇ, ಇದು ಆರಿದ ಮೇಲೆ ನಾನು ಒಳಗೆ ಒಂದು ಕ್ಷಣ ನಿಲ್ಲುವುದಿಲ್ಲ. ನಿನ್ನ ಒಂದು ಪಾಲಿನಲ್ಲಿ ಇದು ಹತ್ತಲಿಕ್ಕೇ ಇಲ್ಲ. ಅಲ್ಲಿ ಆ ಪುಣ್ಯಾತ್ಮ ಹೇಗೆ ಬದುಕಿದ?”

ಅದೇ ನನ್ನ ಇಡೀ ಪ್ರಬಂಧದ ಪ್ರಶ್ನೆಯಾಗಿತ್ತು! ನಾನು ಹೇಳತೊಡಗಿದೆ. ರಕ್ತ ಹುಟ್ಟುವುದು ಮೂಳೆಯ ಒಳಗಿನ ಮಜ್ಜೆಯಲ್ಲಿ. ಆ ಮಜ್ಜೆಯ ಕೆಲವು ಮೂಲೆಗಳಲ್ಲಿ ಆಮ್ಲಜನಕ ಬಹಳ ಕಡಿಮೆ. ನಮ್ಮ ರಕ್ತದ ಮೂಲಕೋಶಗಳು ಇರುವುದೇ ಅಲ್ಲಿ, ಹೆಚ್ಚು ಓಡಾಡದೆ, ಹೆಚ್ಚು ಸವೆಯದೆ. ಗಾಳಿ ಕಡಿಮೆಯಾದಾಗ ಕೋಶದೊಳಗೆ ಒಂದು ಸ್ವಿಚ್ ಹಾಕಿದ ಹಾಗಾಗುತ್ತದೆ. ಅದು ಉಸಿರಾಡುವ ರೀತಿ, ತಿನ್ನುವ ರೀತಿ ಎಲ್ಲವನ್ನೂ ಬದಲಾಯಿಸಿಕೊಳ್ಳುತ್ತದೆ. ಕ್ಯಾನ್ಸರಿನ ಕೋಶಕ್ಕೂ ಆ ಉಪಾಯ ಗೊತ್ತು. ಅದೂ ಅದೇ ಮೂಲೆಗೆ ಹೋಗಿ ಕೂರುತ್ತದೆ.

“ಹಾಗಾದರೆ ಇಷ್ಟು ವರ್ಷ ಅದಕ್ಕೆ ಮದ್ದು ಹೇಗೆ ಪರೀಕ್ಷೆ ಮಾಡಿದ್ದು?”

“ಹೆಚ್ಚಾಗಿ ಹೊರಗಿನ ಗಾಳಿಯಲ್ಲಿಯೇ ಮಾವಾ. ಅಲ್ಲಿ ಮದ್ದು ಹಾಕಿದರೆ ಕೋಶ ಚೆನ್ನಾಗಿ ಸಾಯ್ತದೆ. ಅದೇ ಮದ್ದನ್ನು ಈ ಪೆಟ್ಟಿಗೆಯಲ್ಲಿ ಹಾಕಿದರೆ ಒಂದಷ್ಟು ಉಳಿದೇ ಉಳೀತದೆ.”

ಮಾವ ಒಮ್ಮೆ ಪೆಟ್ಟಿಗೆಯನ್ನು, ಒಮ್ಮೆ ನನ್ನ ಗೈಡರನ್ನು ನೋಡಿದರು. “ಅಂದರೆ ಅಂಗಳದಲ್ಲಿ ಕ್ಯಾಂಡಲ್ ಹಚ್ಚಿ, ಸುರಂಗದೊಳಗೆ ಗಾಳಿ ಚೆನ್ನಾಗುಂಟು ಅಂತ ಹೇಳಿದ ಹಾಗೆ ಆಯ್ತಲ್ಲ ಇದು!”

ಗೈಡ್, ತಾವು ಕಿರುಚಿದ್ದನ್ನು ಮರೆತು, ಪುಸ್ತಕ ತೆಗೆದು ಆ ವಾಕ್ಯವನ್ನು ಬರೆದುಕೊಂಡರು. ಮುಂದೆ ಅವರು ಹೋದ ಸಮ್ಮೇಳನಗಳಲ್ಲೆಲ್ಲ ಅದನ್ನೇ ಹೇಳಿ ಭಾಷಣ ಶುರುಮಾಡಿದರು. ಕೊನೆಯಲ್ಲಿ ಕೃತಜ್ಞತೆಯ ಪಟ್ಟಿಯಲ್ಲಿ ‘ಕುಂಬ್ಡಾಜೆಯ ಒಬ್ಬ ಸುರಂಗ ತಜ್ಞರು’ ಎಂದೂ ಸೇರಿಸಿದರು. ಇದನ್ನು ತಿಳಿಸಿದಾಗ ಮಾವ ಗಂಭೀರವಾಗಿ ಕೇಳಿದ್ದು ಒಂದೇ. “ಆ ಹಾಲಿನ ಕಿಟಕಿ ತೆಗೆದಿತ್ತಾ?”

ಇಲ್ಲಿಯವರೆಗೆ ಕಥೆ ನಗುತ್ತಾ ಹೇಳಬಹುದು. ಇನ್ನು ಮುಂದಿನದ್ದನ್ನೂ ಮಾವ ನಗುತ್ತಲೇ ಕಳೆದರು. ನಮಗೆ ಅಷ್ಟು ಸಲೀಸಾಗಲಿಲ್ಲ.

ಮರುವರ್ಷ ಬೇಸಿಗೆಗೆ ಮೊದಲು, ಬಾವಿ ಬತ್ತಿದ ಒಂದು ಮನೆಯವರಿಗೆ ಮಾವ ಸುರಂಗ ತೋಡುತ್ತಿದ್ದರು. ಮೂವತ್ತು ಕೋಲು, ಎಂದರೆ ಎಪ್ಪತ್ತು ಅಡಿ ಕೂಡ ಆಗಿರಲಿಲ್ಲ, ಅವರಿಗೆ ಏದುಸಿರು ಬರತೊಡಗಿತು. ಬತ್ತಿಯನ್ನು ನೋಡಿದರೆ ಅದು ನೆಟ್ಟಗೆ, ಹೊಳೆಯುತ್ತಾ ಉರಿಯುತ್ತಿದೆ! ಗಾಳಿ ಇದೆ ಎನ್ನುತ್ತಿದೆ ಬತ್ತಿ, ಇಲ್ಲ ಎನ್ನುತ್ತಿದೆ ಎದೆ. ಮಾವ ಯಾರನ್ನು ನಂಬಬೇಕು? ಅವರು ಬತ್ತಿಯ ಮೇಲೆ ಸಂಶಯಪಟ್ಟರು. ಒಂದೇ ವಾರದಲ್ಲಿ ಮೂರು ಕಂಪೆನಿಯ ಬತ್ತಿ ಬದಲಾಯಿಸಿ, ಕೊನೆಗೆ ಪೆರ್ಲದ ಅಂಗಡಿಗೆ ಜಗಳಕ್ಕೇ ಹೋದರು.

“ನಿಮ್ಮ ಕ್ಯಾಂಡಲ್ ಸುಳ್ಳು ಹೇಳ್ತದೆ. ಗಾಳಿ ಇಲ್ಲದಲ್ಲಿಯೂ ಉರೀತದೆ!”

ಅಂಗಡಿಯವರು ಕೈಮುಗಿದರು. “ಗಾಳಿಗೆ ಆರ್ತದೆ ಅಂತ ಜಗಳ ಮಾಡುವವರು ದಿನಾ ಬರ್ತಾರೆ. ಆರುವುದಿಲ್ಲ ಅಂತ ಜಗಳಕ್ಕೆ ಬಂದದ್ದು ನೀವೊಬ್ಬರೇ ಮಾರಾಯ್ರೆ.”

ಅದಾಗಿ ಎರಡು ದಿನಕ್ಕೆ, ಅತ್ತೆ ಸುರಂಗದ ಬಾಯಿಯಲ್ಲಿ ಕುಳಿತು “ಉಂಟಾ?” ಎಂದು ಕೂಗಿದರೆ ಉತ್ತರ ಬರಲಿಲ್ಲ. ಮತ್ತೆ ಕೂಗಿದರು. ಹಗ್ಗ ಜಗ್ಗಿದರು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಸುರಂಗದೊಳಗೆ ಕಾಲಿಡದ ಅತ್ತೆ, ಕತ್ತಲೆಂದರೆ ಹೆದರುವ ಅತ್ತೆ, ಸೆರಗು ಸೊಂಟಕ್ಕೆ ಕಟ್ಟಿ ಒಳಗೆ ನುಗ್ಗಿದರು. ಮಾವ ಗೋಡೆಗೆ ಒರಗಿ ಕುಳಿತಿದ್ದರು. ಮುಖ ಬಿಳುಚಿತ್ತು. ಪಕ್ಕದಲ್ಲಿ ಬತ್ತಿ ಯಾವ ಚಿಂತೆಯೂ ಇಲ್ಲದೆ ಉರಿಯುತ್ತಿತ್ತು.

“ಪಾಪ, ಅದರ ತಪ್ಪಲ್ಲ” ಎಂದರಂತೆ ಮಾವ. “ನನಗೇ ಎಂತದೋ ಆಗಿದೆ.”

ಆದದ್ದು ಏನೆಂದು ರಕ್ತ ಪರೀಕ್ಷೆ ಹೇಳಿತು. ಸುರಂಗದಲ್ಲಿ ಬೇಕಾದಷ್ಟು ಗಾಳಿಯಿತ್ತು. ಅದನ್ನು ಹೊತ್ತು ಮೈಯಿಡೀ ಹಂಚಬೇಕಾದ ಕೆಂಪು ಕಣಗಳೇ ಮಾವನ ರಕ್ತದಲ್ಲಿ ಮುಗಿಯುತ್ತಾ ಬಂದಿದ್ದವು. ಮಂಗಳೂರಿಗೆ ಕರೆದುಕೊಂಡು ಬಂದೆವು. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ನೋಡಿದರು. ವರದಿಯಲ್ಲಿದ್ದ ರೋಗದ ಹೆಸರನ್ನು ನಾನು ವರ್ಷಗಟ್ಟಲೆ ದಿನಾ ಬರೆದಿದ್ದೇನೆ, ತಟ್ಟೆಗಳ ಮೇಲೆ, ಪುಸ್ತಕದಲ್ಲಿ, ಕಂಪ್ಯೂಟರಿನಲ್ಲಿ. ಅದರ ಮೇಲ್ಗಡೆ ಮಾವನ ಹೆಸರನ್ನು ಓದಿದಾಗ ಅದು ನನಗೆ ಗೊತ್ತೇ ಇಲ್ಲದ ಭಾಷೆಯ ಶಬ್ದದ ಹಾಗೆ ಕಂಡಿತು. ಮಜ್ಜೆಯ ತುಂಬ ಬೆಳೆಯದ ಬಿಳಿ ಕೋಶಗಳು ತುಂಬಿಕೊಂಡು, ಉಳಿದ ಯಾವುದಕ್ಕೂ ಜಾಗವಿಲ್ಲದಂತೆ ಮಾಡಿದ್ದವು.

ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮಾವ ಪೂರ್ತಿ ಕೇಳಿಸಿಕೊಂಡರು.

“ನೀನು ಸಾಕುವುದು ಉಂಟಲ್ಲ, ಅದೇನಾ?”

“ಅದೇ ಮಾವಾ.”

“ಆ ದಿನ ಬಂದಾಗ ನಿನ್ನ ಪೆಟ್ಟಿಗೆಯಿಂದ ತಪ್ಪಿಸಿಕೊಂಡು ನನ್ನ ಹಿಂದೆ ಬಂದದ್ದಲ್ಲ ತಾನೇ?”

ನಾನು ನಕ್ಕೆ. ನಗುತ್ತಾ ನಗುತ್ತಾ ಅಳು ಬಂತು. ಮಾವ ತಮ್ಮ ಒರಟು ಕೈಯಿಂದ ನನ್ನ ತಲೆ ಸವರಿ, “ತಮಾಷೆಗೆ ಹೇಳಿದ್ದು ಮಾರಾಯ್ತಿ” ಎಂದರು. ಕಾಯಿಲೆ ಯಾರಿಗೆ, ಸಮಾಧಾನ ಯಾರಿಗೆ!

ಮೊದಲ ಸುತ್ತಿನ ಔಷಧಿ ಶುರುವಾಯಿತು. ಒಂದು ವಾರ ಹನಿ ಹನಿಯಾಗಿ ರಕ್ತಕ್ಕೆ ಇಳಿಸಿದರು. ಬಾಯಿ ಹುಣ್ಣಾಯಿತು, ಜ್ವರ ಬಂತು, ಮೀಸೆ ಉದುರಿತು. ಮೀಸೆಯಿಲ್ಲದ ಮಾವನನ್ನು ನಾವ್ಯಾರೂ ನೋಡಿರಲಿಲ್ಲ. ಅತ್ತೆ ಗಾಜಿನ ಬಾಗಿಲಾಚೆಯಿಂದ ನೋಡಿ, “ಹೀಗೆ ಅಂತ ಮೊದಲೇ ಗೊತ್ತಿದ್ದರೆ ಮದುವೆಗೆ ಒಪ್ಪುವಾಗ ಇನ್ನೊಂದು ಸಲ ಯೋಚನೆ ಮಾಡ್ತಿದ್ದೆ” ಎಂದರು. ನರ್ಸ್ ನಕ್ಕರು. ಮಾವನಿಗೆ ನಗಲಿಕ್ಕೆ ಬಾಯಿ ತೆರೆಯುತ್ತಿರಲಿಲ್ಲ; ಕೈಯೆತ್ತಿ ಕೋಪ ತೋರಿಸಿದರು. ಬಹಳ ದಿನಗಳ ನಂತರ ಅವರಿಬ್ಬರು ಸರಸವಾಡಿದ್ದನ್ನು ಕಂಡಂತಾಯಿತು ನನಗೆ.

ತಿಂಗಳಾದ ಮೇಲೆ ಮತ್ತೆ ಮಜ್ಜೆ ನೋಡಿದರು. ಕ್ಯಾನ್ಸರಿನ ಕೋಶಗಳು ಕಾಣಲಿಲ್ಲ. ಡಾಕ್ಟರು ಸಂತೋಷದಿಂದಲೇ ಹೇಳಿದರು, “ತುಂಬಾ ಒಳ್ಳೆಯದಾಯ್ತು. ಈಗ ಇನ್ನೂ ಮೂರು ಸುತ್ತು ಕೊಡುವ.”

ಮಾವ ಆಗಲೇ ಚೀಲ ತುಂಬಿಸಿ ಇಟ್ಟಿದ್ದರು. “ಇಲ್ಲ ಅಂತ ನೀವೇ ಹೇಳಿದ್ದು. ಇಲ್ಲದ್ದಕ್ಕೆ ಮದ್ದು ಯಾಕೆ ಡಾಕ್ಟ್ರೇ?”

ಡಾಕ್ಟರು ಏನೋ ಉತ್ತರ ಕೊಟ್ಟರು, ಮಾವ ಒಪ್ಪಲಿಲ್ಲ. ಬಾವಿ ಬತ್ತಿದ ಮನೆಯವರು ಕಾಯುತ್ತಿದ್ದಾರೆ, ಅರ್ಧ ತೋಡಿದ ಸುರಂಗ ಹಾಗೇ ಉಂಟು, ಬೇಸಿಗೆ ತಲೆಯ ಮೇಲೆ ಬಂದಿದೆ. ಸುರಂಗವನ್ನು ಅರ್ಧಕ್ಕೆ ಬಿಟ್ಟವನೆಂಬ ಹೆಸರು ತನಗೆ ಬೇಡ ಎಂದು ಹಟ ಹಿಡಿದರು. ಅತ್ತೆ ನನ್ನನ್ನು ಹೊರಗೆ ಕರೆದರು.

“ನೀನು ಹೇಳಿ ನೋಡು. ನಾನು ಹೇಳಿದರೆ ಇನ್ನೂ ಬೇಗ ಹೊರಡ್ತಾರೆ.”

ನಾನು ಮಾವನ ಮಂಚದ ಕಾಲಬುಡದಲ್ಲಿ ಕುಳಿತೆ. “ಮಾವಾ, ಈ ಮದ್ದು ಉಂಟಲ್ಲ, ಅದು ಹಿಡಿಯುವುದು ಓಡುವವರನ್ನು. ಬೇಗ ಬೇಗ ಒಂದು ಎರಡಾಗುವ, ಎರಡು ನಾಲ್ಕಾಗುವ ಕೋಶಗಳನ್ನು. ಸುಮ್ಮನೆ ಕೂತವರು ಅದರ ಕಣ್ಣಿಗೆ ಬೀಳುವುದಿಲ್ಲ. ಮಜ್ಜೆಯಲ್ಲಿ ಗಾಳಿ ಕಡಿಮೆಯಿರುವ ಮೂಲೆ ಅಂತ ಹೇಳಿದೆನಲ್ಲ? ಅಲ್ಲಿ ಹೋದವರು ಓಡುವುದನ್ನೇ ನಿಲ್ಲಿಸ್ತಾರೆ. ಕೂತುಬಿಡ್ತಾರೆ.”

“ಪರೀಕ್ಷೆಯಲ್ಲಿ ಅವರು ಕಾಣುವುದಿಲ್ವಾ?”

“ನಾಲ್ಕೈದು ಜನ ಇದ್ದರೆ ಕಾಣುವುದಿಲ್ಲ.”

“ಎಷ್ಟು ದಿನ ಹಾಗೆ ಕೂರ್ತಾರೆ?”

“ತಿಂಗಳು. ವರ್ಷ. ಹೇಳಲಿಕ್ಕಾಗುವುದಿಲ್ಲ. ಒಂದು ದಿನ ಎದ್ದು ಮತ್ತೆ ಶುರುಮಾಡ್ತಾರೆ.”

ಮಾವ ಕಿಟಕಿಯ ಕಡೆ ತಿರುಗಿದರು. “ಅವರನ್ನು ಹೊರಗೆ ಕರೆಯುವ ಮದ್ದು ಇಲ್ವಾ? ಇಲ್ಲದಿದ್ದರೆ ಆ ಮೂಲೆಗೇ ಹೋಗುವ ಮದ್ದು?”

“ಹುಡುಕ್ತಾ ಇದ್ದೇವೆ ಮಾವಾ. ನಾನೂ ಅದನ್ನೇ ಮಾಡುವುದು. ಇನ್ನೂ ಸಿಕ್ಕಿಲ್ಲ.”

“ಹಾಗಾದರೆ ಈಗ?”

“ಈಗ ಇದೇ ಮದ್ದನ್ನು ಮತ್ತೆ ಮತ್ತೆ ಕೊಡುವುದು. ಒಬ್ಬೊಬ್ಬನೇ ಎದ್ದ ಹಾಗೆ ಸಿಕ್ಕಿಬೀಳಲಿ ಅಂತ. ಕೆಲವರಿಗೆ ಪೂರ್ತಿ ಗುಣ ಆಗ್ತದೆ.”

“ಕೆಲವರಿಗೆ.”

“ಹೌದು, ಕೆಲವರಿಗೆ.”

ಸುಳ್ಳು ಹೇಳಬಹುದಿತ್ತು. ಆದರೆ ಗಾಳಿಯ ವಿಷಯದಲ್ಲಿ ಆ ಮನುಷ್ಯನ ಹತ್ತಿರ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಮಾವ ಎದ್ದು ಚೀಲದಿಂದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಕಪಾಟಿನಲ್ಲಿಟ್ಟರು. “ಆ ಡಾಕ್ಟ್ರು ಮೊದಲೇ ಹೀಗೆ ಬಿಡಿಸಿ ಹೇಳಬಾರದಿತ್ತಾ? ಇಷ್ಟು ಮಡಚುವ ಕೆಲಸ ಉಳೀತಿತ್ತು!”

ಮೂರು ಸುತ್ತೂ ಮುಗಿಸಿದರು. ಪ್ರತಿ ಸುತ್ತೂ ಮೊದಲಿನದ್ದಕ್ಕಿಂತ ಕಷ್ಟವಾಯಿತು. ಮಜ್ಜೆಯ ಕಸಿ ಮಾಡಿದರೆ ಒಳ್ಳೆಯದೆಂಬ ಮಾತೂ ಬಂತು. ಅಮ್ಮ ಒಬ್ಬಳೇ ಅವರ ಒಡಹುಟ್ಟು. ಪರೀಕ್ಷೆ ಮಾಡಿದರೆ ಅಮ್ಮನ ಮಜ್ಜೆ ಮಾವನದ್ದಕ್ಕೆ ಹೊಂದಲಿಲ್ಲ. ಅಮ್ಮ ಅತ್ತಳು. ಮಾವ ಫೋನಿನಲ್ಲಿ ಅವಳನ್ನು ಸಮಾಧಾನ ಮಾಡಿದ ರೀತಿ ನೋಡಿ. “ಅಕ್ಕಾ, ನಮಗಿಬ್ಬರಿಗೆ ಸಣ್ಣದಿರುವಾಗಿಂದ ಯಾವುದರಲ್ಲಿ ಹೊಂದಿದ್ದು ಉಂಟು ಹೇಳು? ಇದರಲ್ಲಿ ಹೊಂದಿದ್ದರೆ ನನಗೇ ಆಶ್ಚರ್ಯ ಆಗ್ತಿತ್ತು.”

ಆಮೇಲೆ ಒಂದು ವರ್ಷಕ್ಕೂ ಮಿಕ್ಕಿ ಮಾವ ಚೆನ್ನಾಗಿದ್ದರು. ಮೀಸೆ ಬಂತು, ಮೊದಲಿಗಿಂತ ಕಪ್ಪಾಗಿ! ಮದ್ದಿನ ಪ್ರಭಾವವೆಂದು ಹೇಳಿ ಊರಿನ ಇಬ್ಬರು ಬೋಳುತಲೆಯವರಿಗೆ ಆಸೆ ಹುಟ್ಟಿಸಿದರು. ಅರ್ಧಕ್ಕೆ ನಿಂತಿದ್ದ ಸುರಂಗವನ್ನು ಡಾಕ್ಟರಿಗೆ ಹೇಳದೆ, ಅತ್ತೆಗೂ ಅರ್ಧ ಮಾತ್ರ ಹೇಳಿ, ತೋಡಿ ಮುಗಿಸಿದರು. ನೀರು ಬಂತು. ಬೊಬ್ಬೆಯೂ ಬಂತು. ಅಂದು ಸಂಜೆ ಅತ್ತೆ ನನಗೆ ಫೋನ್ ಮಾಡಿ, “ಬೈಯಬೇಕು ಅಂತ ಹೋದೆ. ಅವರ ಮುಖ ನೋಡಿ ಬೈಯಲಿಕ್ಕೆ ಆಗ್ಲಿಲ್ಲ” ಎಂದರು. ತಪಾಸಣೆಗೆಂದು ಮಂಗಳೂರಿಗೆ ಬಂದಾಗಲೆಲ್ಲ ಮಾವ ನಮ್ಮ ಲ್ಯಾಬಿಗೂ ಬಂದು, ಪೆಟ್ಟಿಗೆಯ ಎದುರು ನಿಂತು, ಅದರೊಳಗಿನವರ ಯೋಗಕ್ಷೇಮ ವಿಚಾರಿಸುತ್ತಿದ್ದರು. “ಎಂತ, ಇನ್ನೂ ಯಾರೂ ಎದ್ದು ಬರ್ಲಿಲ್ವಾ?”

ಎದ್ದು ಬಂದದ್ದು ಮಾವನ ಮೈಯೊಳಗೇ. ಮಾಮೂಲಿ ತಪಾಸಣೆಯ ರಕ್ತದಲ್ಲಿ ಒಂದು ಬೆಳಿಗ್ಗೆ ಆ ಕೋಶಗಳು ಮತ್ತೆ ಕಂಡವು.

ಆ ದಿನ ನಾನು ಮಾವನ ಮುಖ ನೋಡದಾದೆ. ಮೂರು ಸುತ್ತಿಗೆ ಅವರನ್ನು ಒಪ್ಪಿಸಿದ್ದು ನಾನು. ಬಾಯಿ ಹುಣ್ಣಾಗಿ ನೀರು ಕೂಡ ನುಂಗಲಾಗದ ಆ ತಿಂಗಳುಗಳಿಗೆ ಕಾರಣ ನಾನು. ಎಲ್ಲ ಓದಿ, ಎಲ್ಲ ತಿಳಿದು, 'ಕೆಲವರಿಗೆ' ಎಂಬ ಒಂದು ಶಬ್ದದ ಮೇಲೆ ಅವರನ್ನು ಕೂರಿಸಿದ್ದೆ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ನಾನು ತಲೆತಗ್ಗಿಸಿ ಕುಳಿತಿದ್ದಾಗ ಮಾವನೇ ಹುಡುಕಿಕೊಂಡು ಬಂದು ಎದುರು ಕುಳಿತರು. ಎರಡು ಚಾ ತರಿಸಿದರು.

“ನಾನು ತೋಡಿದ ಸುರಂಗದಲ್ಲೆಲ್ಲ ನೀರು ಬಂದಿದೆ ಅಂತ ಎಣಿಸಿದ್ದೀಯಾ?”

ನಾನು ಚಾದ ಲೋಟವನ್ನು ಆಚೆ ಸರಿಸಿದೆ.

“ಎಷ್ಟೋ ಸಲ ಬರ್ಲಿಲ್ಲ. ಕಲ್ಲು ಅಡ್ಡ ಬಂದದ್ದುಂಟು, ಮಣ್ಣು ಕುಸಿದದ್ದುಂಟು, ತೋಡಿ ತೋಡಿ ಬರೇ ಬಾವಲಿ ಸಿಕ್ಕಿದ್ದೂ ಉಂಟು. ತೋಡುವಾಗ ಬರ್ತದೆ ಅಂತಲೇ ತೋಡುವುದು. ಬಾರದಿದ್ದರೆ ಜಾಗ ತೋರಿಸಿದವರ ತಪ್ಪಲ್ಲ. ಚಾ ಕುಡಿ, ಆರ್ತದೆ.”

ಆ ಸಲ ಮಜ್ಜೆ ತೆಗೆಯುವ ಮೊದಲು ಅವರ ಕೈಗೆ ಒಂದು ಫಾರಂ ಕೊಟ್ಟರು. ಪರೀಕ್ಷೆಗೆ ಬೇಕಾದದ್ದು ಹೋಗಿ ಉಳಿದ ಮಾದರಿಯನ್ನು ಸಂಶೋಧನೆಗೆ ಬಳಸಲು ಒಪ್ಪಿಗೆ ಇದೆಯೇ ಎಂದು. ಮಾವ ಅದನ್ನು ಎರಡು ಸಲ ಓದಿದರು. ಸಹಿಯ ಜಾಗದ ಮೇಲೆ ಉಳಿದ ಖಾಲಿಯಲ್ಲಿ ತಮ್ಮ ಶಾಲೆಯ ಕಾಲದ ದುಂಡು ಅಕ್ಷರದಲ್ಲಿ ಹೀಗೆ ಬರೆದರು: ‘ಸದರಿ ಮಾದರಿಯನ್ನು ಹೊರಗಿನ ಗಾಳಿಯಲ್ಲಿ ಇಡಕೂಡದು. ಗಾಳಿ ಕಡಿಮೆ ಇರುವ ಪೆಟ್ಟಿಗೆಯಲ್ಲಿಯೇ ಇಡತಕ್ಕದ್ದು.’ ಫಾರಂ ತೆಗೆದುಕೊಳ್ಳಲು ಬಂದವಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಆಮೇಲೆ ನಮ್ಮ ಗೈಡ್ ಅದನ್ನು ಓದಿ, “ಇದಕ್ಕಿಂತ ಸರಿಯಾದ ಸೂಚನೆಯನ್ನು ಯಾವ ರೋಗಿಯೂ ಕೊಟ್ಟಿಲ್ಲ” ಎಂದರು. ಕನ್ನಡಕ ತೆಗೆದು ಒರೆಸಿಕೊಂಡರು.

ಎರಡನೆಯ ಸಲ ಔಷಧಿ ಹಿಡಿಯಲಿಲ್ಲ. ಮಳೆಗಾಲ ಮುಗಿಯುತ್ತಿದ್ದ ಹಾಗೆ, ಮನೆಗೆ ಹೋಗಬೇಕೆಂದು ಮಾವ ಹೇಳಿದರು. ಈ ಸಲ ಯಾರೂ ತಡೆಯಲಿಲ್ಲ. ಕುಂಬ್ಡಾಜೆಯ ಮನೆಯಲ್ಲಿ ಹನ್ನೊಂದು ದಿನವಿದ್ದು, ಒಂದು ಬೆಳಿಗ್ಗೆ ಅತ್ತೆ ಗಂಜಿ ತರುವಷ್ಟರಲ್ಲಿ ಹೋಗಿಬಿಟ್ಟರು.

ಅವರ ಮಾದರಿಯನ್ನು ಗೈಡ್ ನನ್ನ ಕೈಗೆ ಕೊಡಲಿಲ್ಲ. ಸ್ವಂತದವರದ್ದು ನಾವು ಮುಟ್ಟುವುದು ಸರಿಯಲ್ಲ ಎಂದು ಬೇರೆಯವರಿಂದ ನಂಬರ್ ಹಾಕಿಸಿ, ಬೇರೆಯವರ ಕೆಲಸಕ್ಕೆ ಸೇರಿಸಿದರು. ಎಲ್ಲರ ಮಾದರಿಗಳ ನಡುವೆ ಅದೂ ಒಂದಾಯಿತು. ನನಗೂ ಅದೇ ಒಳ್ಳೆಯದೆನಿಸಿತು. ಆದರೆ ಲ್ಯಾಬಿನಲ್ಲಿ ಭಾನುವಾರ ಸರದಿಯ ಪ್ರಕಾರ ಯಾರಾದರೊಬ್ಬರು ಬಂದು ಎಲ್ಲ ತಟ್ಟೆಗಳ ಹಳೆಯ ದ್ರವ ತೆಗೆದು ಹೊಸದು ಹಾಕಬೇಕು; ಕೋಶಗಳ ಊಟ ಅದೇ. ತಿಂಗಳಿಗೊಮ್ಮೆ ನನ್ನ ಸರದಿ ಬರುತ್ತದೆ.

ಮರುವರ್ಷ ಹಲಸಿನ ಕಾಲದಲ್ಲಿ ಅತ್ತೆಯನ್ನು ನೋಡಲು ಹೋದೆ. ಅತ್ತೆ ಜಗಲಿಯಲ್ಲಿ ಕುಳಿತು ಹಲಸಿನ ಬೇಳೆಯ ಸಿಪ್ಪೆ ತೆಗೆಯುತ್ತಿದ್ದರು. ನಾನೂ ಒಂದು ಕತ್ತಿ ತೆಗೆದುಕೊಂಡು ಪಕ್ಕದಲ್ಲಿ ಕುಳಿತೆ. ಅಮ್ಮನ ಮಂಡಿನೋವು, ಬಸ್ಸಿನ ರಶ್ಶು ಎಲ್ಲ ಮಾತಾಡಿ ಮುಗಿದ ಮೇಲೆ ಅತ್ತೆ ತಲೆ ಎತ್ತದೆ ಕೇಳಿದರು.

“ಅವರ ಮೈಯಿಂದ ತೆಗೆದದ್ದನ್ನು ನೀವು ಈಗಲೂ ಇಟ್ಟುಕೊಂಡಿದ್ದೀರಾ?”

“ಇಟ್ಟುಕೊಂಡಿದ್ದೇವೆ ಅತ್ತೆ. ಹೆಚ್ಚಿನದ್ದನ್ನು ಹೆಪ್ಪುಗಟ್ಟಿಸಿ ಇಟ್ಟಿದ್ದಾರೆ. ಬೇಕಾದಾಗ ಸ್ವಲ್ಪ ಸ್ವಲ್ಪ ತೆಗೆದು ಕೆಲವು ದಿನ ಬೆಳೆಸ್ತಾರೆ.”

“ಜೀವ ಇರ್ತದಾ ಅದಕ್ಕೆ?”

“ಇರ್ತದೆ.”

ಅತ್ತೆಯ ಕತ್ತಿ ನಿಂತಿತು. ನನಗೆ ಹೆದರಿಕೆಯಾಯಿತು. ಅವರು ಏನಾದರೂ ತಪ್ಪು ತಿಳಿದುಕೊಂಡರೆ?

“ಅತ್ತೆ, ಅದು ಮಾವ ಅಲ್ಲ. ಮಾವನನ್ನು ನಮ್ಮಿಂದ ತೆಗೆದದ್ದೇ ಅದು. ಅದನ್ನು ಹೇಗೆ ಕೊಲ್ಲುವುದು ಅಂತ ನೋಡಲಿಕ್ಕೇ ಇಟ್ಟದ್ದು.”

“ಅಷ್ಟು ಗೊತ್ತಾಗದಿರುವಷ್ಟು ಬೋದಾಳ ಅಲ್ಲ ನಾನು.” ಅತ್ತೆ ಒಂದು ಬೇಳೆಯನ್ನು ತೆಗೆದು ಮತ್ತೆ ಸಿಪ್ಪೆ ಸುಲಿದರು. “ಆದರೂ ಅವರ ಮೈಯಲ್ಲಿಯೇ ಹುಟ್ಟಿದ್ದಲ್ವಾ?”

“ಹೌದು.”

“ತಿನ್ಲಿಕ್ಕೆ ಕೊಡುವುದು ಯಾರು?”

“ಬೇರೆಯವರು. ಕೆಲವು ಭಾನುವಾರ ನಾನು.”

“ಅವರದ್ದು ಯಾವುದು ಅಂತ ನಿನಗೆ ಗುರ್ತ ಸಿಗ್ತದಾ?”

“ಇಲ್ಲ ಅತ್ತೆ. ಎಲ್ಲದರ ಮೇಲೂ ಬರೇ ನಂಬರ್. ಯಾವುದು ಯಾರದ್ದು ಅಂತ ನನಗೆ ಹೇಳುವುದಿಲ್ಲ.”

ಅತ್ತೆ ಮಡಿಲಲ್ಲಿದ್ದ ಸಿಪ್ಪೆಗಳನ್ನು ಕೊಡವಿ ಎದ್ದು, ನನ್ನ ಭುಜ ಹಿಡಿದುಕೊಂಡು ಹೇಳಿದರು.

“ಹಾಗಾದರೆ ಯಾವುದನ್ನೂ ಹಸಿವಿನಲ್ಲಿ ಇಡಬೇಡ ಮಗಳೇ.”